ಆಮದಾರರಿಗೆ (ಶಾಸಕರಿಗೆ) ಏನು ಕೇಳಬೇಕು, ಹೇಗೆ ಕೇಳಬೇಕು? ಹವಾಮಾನ, ಗಟಾರ, ನೀರು, ಬಸ್ಸಿನ ಬಗ್ಗೆ ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ, ಸೊಸೈಟಿ ಮೀಟಿಂಗಿನ ಕೊನೆಗೆ, ಹೋಟೆಲಿನ ಗಲ್ಲಾದ ಬಳಿ, ಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರಿಸಿದ್ದೇನೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಸಾಕು. ಎಲ್ಲದರ ಹಿಂದೆ ಇರುವ ನನ್ನ ನಂಬಿಕೆ ಒಂದೇ: ಹವಾಮಾನ ನೀತಿ ನಮ್ಮ ಮನೆ ಬಾಗಿಲಿಗೆ ಬರುವುದು ಗಟಾರ, ನಲ್ಲಿ, ಬಸ್ಸು, ಕಸದ ಗಾಡಿಯ ರೂಪದಲ್ಲಿ. ಆದ್ದರಿಂದ ಜನಪ್ರತಿನಿಧಿಯನ್ನು ಕೇಳುವಾಗ ಒಂದು ಕಚೇರಿ, ಒಂದು ಅಂಕಿ, ಒಂದು ತಾರೀಕು ಹಿಡಿದು ಕೇಳಬೇಕು.

## ಮೊದಲು ತಿಳಿದಿರಬೇಕಾದದ್ದು

ನಮ್ಮ ಗಲ್ಲಿಯ ಗಟಾರ ಉಕ್ಕಿದರೆ ಯಾರನ್ನು ಹಿಡಿಯಬೇಕು? ನಗರಸೇವಕ (ಕಾರ್ಪೊರೇಟರ್), ಆಮದಾರ, ಖಾಸದಾರ (ಸಂಸದ) ಮೂವರೂ "ನಂದಲ್ಲ" ಅಂತಾರೆ.

ಆ ಗಟಾರ ಯಾರ ಜಾಗದಲ್ಲಿದೆ ಎಂದು ಮೊದಲು ನೋಡಿ. ಗಲ್ಲಿಯ ಗಟಾರ, ರಸ್ತೆಬದಿಯ ಮೋರಿ, ದೊಡ್ಡ ನಾಲಾ ಸಾಮಾನ್ಯವಾಗಿ ಮಹಾನಗರ ಪಾಲಿಕೆಯವು. 1916ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದೇ ನಂಬರ್ ಹಾಕಿ ವಾರ್ಡ್ ಆಫೀಸಿಗೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಶಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ನಗರಸೇವಕರ ಬಳಿ ಹೋಗುವುದು ಇಷ್ಟಾದ ಮೇಲೆ.

ನಾಲಾ ರೈಲು ಹಳಿಯ ಕೆಳಗೆ ಹಾದು ಹೋಗುವ ಕಡೆ ಆ ತುಂಡು ರೈಲ್ವೆಯದು, ಅಂದರೆ ಕೇಂದ್ರದ್ದು. ಅದನ್ನು ಸಂಸತ್ತಿನಲ್ಲಿ ಕೇಳಬೇಕಾದವರು ಖಾಸದಾರರು. ವಿಮಾನ ನಿಲ್ದಾಣ, ಬಂದರು ಪ್ರಾಧಿಕಾರದ ಜಾಗವೂ ಹಾಗೆಯೇ. ಮ್ಹಾಡಾ (ವಸತಿ ಮಂಡಳಿ), ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ), ಎಂಎಂಆರ್‌ಡಿಎ (ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ) ರಾಜ್ಯ ಸರ್ಕಾರದ ಕೈಯಲ್ಲಿರುವುದರಿಂದ ಅಲ್ಲಿ ಆಮದಾರರ ಮಾತಿಗೆ ಬಲ ಹೆಚ್ಚು. ಪಶ್ಚಿಮ ಮತ್ತು ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಗಳ ಬಗ್ಗೆ ಈಗಲೂ ಗೊಂದಲವಿದೆ. 2022ರ ನವೆಂಬರ್‌ನಲ್ಲಿ ಅವು ಎಂಎಂಆರ್‌ಡಿಎಯಿಂದ ಪಾಲಿಕೆಗೆ ಬಂದಿವೆ. ಹೊಣೆಯ ಗೆರೆ ಎಲ್ಲಿದೆ ಎಂದು ತಿಳಿದು ಹೋದವರಿಗೆ "ನಂದಲ್ಲ" ಎಂದು ಹೇಳುವುದು ಸುಲಭವಲ್ಲ.

ಗಟಾರಕ್ಕೂ ಹವಾಮಾನ ಬದಲಾವಣೆಗೂ ಏನು ಸಂಬಂಧ? ಕಸ ಹಾಕುವವರು ನಾವೇ ಅಲ್ವಾ?

ಕಸದ ಪಾಲು ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಬ್ರಿಟಿಷರ ಕಾಲದ ಮಳೆನೀರಿನ ವ್ಯವಸ್ಥೆ ತಾಸಿಗೆ 25 ಮಿಲಿಮೀಟರ್ ಮಳೆಯನ್ನು ಹೊರಹಾಕುವಷ್ಟಿತ್ತು. ಅದನ್ನು 50 ಮಿಲಿಮೀಟರಿಗೆ ಏರಿಸಬೇಕೆಂಬ ಬ್ರಿಮ್‌ಸ್ಟೋವ್ಯಾಡ್ ವರದಿ 1993ರಲ್ಲೇ ಬಂದಿತ್ತು. ಕೆಲಸಕ್ಕೆ ವೇಗ ಬಂದದ್ದು 2005ರ ಜುಲೈ 26ರ ನಂತರ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿ ಕುರ್ಲಾದಲ್ಲೋ ಕಲೀನಾದಲ್ಲೋ ಸಿಕ್ಕಿಬಿದ್ದ ಒಬ್ಬರಾದರೂ ಇಲ್ಲದ ಕನ್ನಡ ಮನೆ ಈ ಊರಿನಲ್ಲಿ ಅಪರೂಪ.

ಈಗಿನ ತೊಂದರೆ ಬೇರೆ ಬಗೆಯದು. ನಾಲ್ಕು ದಿನಕ್ಕೆ ಹಂಚಿ ಬರುತ್ತಿದ್ದ ಮಳೆ ಎರಡು ತಾಸಿನಲ್ಲಿ ಬಂದು ಬೀಳುತ್ತದೆ. ಅದೇ ಹೊತ್ತಿಗೆ ಭರತ ನಾಲ್ಕೂವರೆ ಮೀಟರ್ ದಾಟಿದರೆ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಹಾಜಿ ಅಲಿ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್, ಬ್ರಿಟಾನಿಯಾ, ಇರ್ಲಾ, ಗಜ್ದರ್‌ಬಂದ್‌ಗಳಲ್ಲಿ ಪಂಪಿಂಗ್ ಸ್ಟೇಷನ್ ಕಟ್ಟಿದ್ದು ಇದಕ್ಕಾಗಿ. ಹಿಂದ್‌ಮಾತಾದ ನೀರಿಗೆ ನೆಲದಡಿ ಟಾಂಕಿ ಮಾಡಿದ್ದೂ ಇದಕ್ಕಾಗಿಯೇ.

ಋತುವಿನ ತಾರೀಕೂ ಜಾರುತ್ತಿದೆ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿ ಮುಟ್ಟಿತು. ದಾಖಲೆಯಲ್ಲಿ ಅಷ್ಟು ಬೇಗ ಹಿಂದೆಂದೂ ಬಂದಿರಲಿಲ್ಲ. ನಾಲಾ ಹೂಳೆತ್ತಲು ಪಾಲಿಕೆ ಇಟ್ಟುಕೊಳ್ಳುವ ಗಡುವು ಮೇ 31. ಅಂದರೆ ಗಡುವು ಮುಗಿಯುವ ಮೊದಲೇ ಮಳೆ ಬಂತು, ಹೊಸದಾಗಿ ತೆರೆದಿದ್ದ ಆಚಾರ್ಯ ಅತ್ರೆ ಚೌಕದ ಮೆಟ್ರೋ ನಿಲ್ದಾಣಕ್ಕೂ ನೀರು ನುಗ್ಗಿತು. ನಮ್ಮ ಗಟಾರ ಹವಾಮಾನದ ಪ್ರಶ್ನೆಯಾಗುವುದು ಇಲ್ಲಿ.

ಪಾಲಿಕೆಯ ವಿಷಯವನ್ನು ಆಮದಾರರು ವಿಧಾನಸಭೆಯಲ್ಲಿ ಕೇಳಬಹುದಾ?

ಧಾರಾಳವಾಗಿ ಕೇಳಬಹುದು. ಮುಂಬಯಿ ಪಾಲಿಕೆ ನಡೆಯುವುದು 1888ರ ಕಾಯ್ದೆಯ ಮೇಲೆ, ಆ ಕಾಯ್ದೆ ಇಂದು ರಾಜ್ಯದ ಕೈಯಲ್ಲಿದೆ. ಆಯುಕ್ತರನ್ನು ನೇಮಿಸುವುದೂ ರಾಜ್ಯವೇ. ಉತ್ತರ ಕೊಡುವುದು ನಗರ ವಿಕಾಸ ಖಾತೆ. 288 ಜನರ ವಿಧಾನಸಭೆಯಲ್ಲಿ 36 ಕ್ಷೇತ್ರಗಳು ಮುಂಬಯಿಯವು, ಹತ್ತು ನಗರದಲ್ಲಿ, ಇಪ್ಪತ್ತಾರು ಉಪನಗರದಲ್ಲಿ. 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ ಪಾಲಿಕೆ ವರ್ಷಗಟ್ಟಲೆ ಆಡಳಿತಗಾರರ ಕೈಯಲ್ಲಿತ್ತು. 227 ವಾರ್ಡುಗಳ ಜನರಿಗೆ ಆಗ ಲೆಕ್ಕ ಕೇಳುವ ಚುನಾಯಿತ ಸಭೆಯೆಂದು ಉಳಿದದ್ದು ವಿಧಾನ ಭವನವೊಂದೇ. ಆಮದಾರರ ಪ್ರಶ್ನೆಯ ಬೆಲೆ ನಮ್ಮ ಅನೇಕರಿಗೆ ಗೊತ್ತಾದದ್ದು ಆ ವರ್ಷಗಳಲ್ಲಿ.

ತಾರಾಂಕಿತ, ಅತಾರಾಂಕಿತ, ಲಕ್ಷವೇಧಿ ಅಂತೆಲ್ಲ ಹೇಳ್ತಾರೆ. ನಮಗೆ ಯಾವುದು ಬೇಕು?

ತಾರಾಂಕಿತ, ಅಂದರೆ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಉಳಿದ ಸದಸ್ಯರೂ ಉಪಪ್ರಶ್ನೆ ಎತ್ತಬಹುದು. ಅತಾರಾಂಕಿತಕ್ಕೆ ಬರವಣಿಗೆಯಲ್ಲಿ ಉತ್ತರ. ತುರ್ತು ವಿಷಯಕ್ಕೆ, ಉದಾಹರಣೆಗೆ ನಿನ್ನೆ ಗೋಡೆ ಕುಸಿದದ್ದಕ್ಕೆ, ಲಕ್ಷವೇಧಿ ಸೂಚನೆ. ಅಂಕಿ ಅಂಶ ಬೇಕಿದ್ದರೆ ಅತಾರಾಂಕಿತ ಒಳ್ಳೆಯದು, ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ಸರ್ಕಾರದ ಬಾಯಿಂದ ಒಂದು ಮಾತು ಹೊರಡಿಸಬೇಕಿದ್ದರೆ ತಾರಾಂಕಿತ.

ನನಗೆ ಮರಾಠಿ ಬರೆಯೋಕೆ ಬರಲ್ಲ. ಕನ್ನಡದಲ್ಲೇ ಪತ್ರ ಕೊಟ್ಟರೆ ಓದ್ತಾರಾ?

ಆಮದಾರರ ಕಚೇರಿಯಲ್ಲಿ ಪತ್ರ ಓದುವುದು ಅವರ ಸ್ವೀಯ ಸಹಾಯಕರು, ಮುಂದಕ್ಕೆ ಕಳಿಸುವುದು ವಿಧಾನ ಭವನದ ಮರಾಠಿ ಕಡತಕ್ಕೆ. ಆದ್ದರಿಂದ ಮರಾಠಿಯಲ್ಲಿ ಕೊಡಿ, ಅರ್ಧ ಪುಟ ಸಾಕು. 2020ರ ಕಾಯ್ದೆಯ ನಂತರ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮನೆಯ ಮಗುವೇ ಬರೆದುಕೊಡಬಲ್ಲದು, ಮಕ್ಕಳು ಇದರಲ್ಲಿ ಕೂತುಕೊಳ್ಳುವುದು ಒಳ್ಳೆಯದು ಕೂಡ. ಹಿರಿಯರು ಕನ್ನಡದಲ್ಲಿ ಹೇಳಲಿ, ಮಕ್ಕಳು ಮರಾಠಿಯಲ್ಲಿ ಬರೆಯಲಿ. ಮಾಟುಂಗ, ವಡಾಲದ ಕಡೆ ಹೀಗೆ ಬರೆದ ಪತ್ರಗಳನ್ನು ನಾನು ಕಂಡಿದ್ದೇನೆ. ವಕೀಲರು ಬರೆದದ್ದಕ್ಕಿಂತ ಅವು ಸ್ಪಷ್ಟವಾಗಿದ್ದವು.

ನಾವು ಹೊರಗಿನಿಂದ ಬಂದವರು. ನಮ್ಮ ಮಾತಿಗೆ ಬೆಲೆ ಇದೆಯಾ ಅಣ್ಣಾ?

ಮೂರು ತಲೆಮಾರು ಇಲ್ಲಿ ತೆರಿಗೆ ಕಟ್ಟಿ, ಇಲ್ಲಿಯ ನೀರು ಕುಡಿದವರು ಹೊರಗಿನವರಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಆ ಕ್ಷೇತ್ರದವರು. ಇನ್ನೊಂದು ದಾರಿಯೂ ಇದೆ. 78 ಸದಸ್ಯರ ವಿಧಾನ ಪರಿಷತ್ತಿಗೆ ಮುಂಬಯಿ ಪದವೀಧರ ಕ್ಷೇತ್ರದಿಂದ ಒಬ್ಬರು ಹೋಗುತ್ತಾರೆ. ಡಿಗ್ರಿ ಮುಗಿಸಿ ಮೂರು ವರ್ಷವಾದ ನಮ್ಮ ಹುಡುಗ ಹುಡುಗಿಯರು ಅಲ್ಲಿ ಬೇರೆಯಾಗಿ ಹೆಸರು ನೋಂದಾಯಿಸಬೇಕು, ವಿಧಾನಸಭೆಯ ಪಟ್ಟಿಯಲ್ಲಿದ್ದರೆ ತಾನಾಗಿ ಬರುವುದಿಲ್ಲ. ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಪರಿಷತ್ತಿನ ಸದಸ್ಯರೂ ಪ್ರಶ್ನೆ ಕೇಳುತ್ತಾರೆ, ಆ ಉತ್ತರಕ್ಕೂ ಅಷ್ಟೇ ತೂಕ.

## ಯೋಜನೆ, ಗುರಿ, ಬಜೆಟ್

ಮುಂಬಯಿಗೆ ಹವಾಮಾನ ಯೋಜನೆ ಇದೆಯಂತೆ. ಅದರಲ್ಲಿ ನಮಗೇನಿದೆ?

2022ರ ಮಾರ್ಚ್ 13ರಂದು ಪಾಲಿಕೆ ಮುಂಬಯಿ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದಿತು. ಸಂಶೋಧನಾ ಸಂಸ್ಥೆ ಡಬ್ಲ್ಯುಆರ್‌ಐ ಇಂಡಿಯಾ ಮತ್ತು ಸಿ40 ನಗರಗಳ ಕೂಟ ಅದಕ್ಕೆ ನೆರವಾದವು. ದೇಶ 2070ಕ್ಕೆ ಇಟ್ಟುಕೊಂಡ ನಿವ್ವಳ ಶೂನ್ಯ ಹೊರಸೂಸುವಿಕೆಯ (ಬಿಟ್ಟಷ್ಟೇ ಹಸಿರುಮನೆ ಅನಿಲವನ್ನು ಹಿಂದಕ್ಕೆ ಹೀರಿಕೊಳ್ಳುವ) ಗುರಿಯನ್ನು ಮುಂಬಯಿ 2050ಕ್ಕೆ ಇಟ್ಟುಕೊಂಡಿದೆ. ನಡುವಿನ ಮೆಟ್ಟಿಲು 2030ಕ್ಕೆ ಶೇಕಡ 30ರಷ್ಟು, 2040ಕ್ಕೆ ಶೇಕಡ 44ರಷ್ಟು ಇಳಿಕೆ. ಯೋಜನೆಯ ಲೆಕ್ಕದಂತೆ 2019ರಲ್ಲಿ ನಗರ ಹೊರಸೂಸಿದ ಹಸಿರುಮನೆ ಅನಿಲ ಸುಮಾರು 2.34 ಕೋಟಿ ಟನ್, ತಲೆಗೆ 1.8 ಟನ್. ಅದರಲ್ಲಿ ಶೇಕಡ 72 ವಿದ್ಯುತ್ತು ಮತ್ತು ಇಂಧನದ್ದು, 20 ಸಂಚಾರದ್ದು, 8 ಕಸದ್ದು.

ಯೋಜನೆ ಆರು ಕಡೆ ಹರಡಿದೆ: ಇಂಧನ ಮತ್ತು ಕಟ್ಟಡ, ಸಂಚಾರ, ಘನತ್ಯಾಜ್ಯ, ಹಸಿರು ಮತ್ತು ಜೀವವೈವಿಧ್ಯ, ಗಾಳಿ, ನೆರೆ ಮತ್ತು ನೀರು. ನಾನು ಜನರಿಗೆ ಹೇಳುವುದು ಇಷ್ಟೇ. 2050ರ ಬಗ್ಗೆ ಕೇಳಬೇಡಿ, ಆಗ ಉತ್ತರ ಹೇಳಬೇಕಾದವರು ಈಗಿನ ಯಾರೂ ಇರುವುದಿಲ್ಲ. 2030 ಕೈಗೆ ಸಿಗುವ ವರ್ಷ. ಆ ಶೇಕಡ 30ರಲ್ಲಿ ನಮ್ಮ ವಾರ್ಡಿನಲ್ಲಿ ಈವರೆಗೆ ಏನಾಗಿದೆ, ಈ ವರ್ಷ ಏನಾಗಲಿದೆ ಎಂದು ಕೇಳಿ. ಸೌರ ಫಲಕ ಎಷ್ಟು ಪಾಲಿಕೆ ಶಾಲೆಗಳ ಮೇಲೆ ಬಂತು? ಎಲೆಕ್ಟ್ರಿಕ್ ಬಸ್ಸು ಯಾವ ಡಿಪೋಕ್ಕೆ ಬಂತು? ಇಂಥ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಕ್ಲೈಮೇಟ್ ಬಜೆಟ್ ಅಂದರೆ ಹೊಸ ದುಡ್ಡು ಬರುತ್ತಾ?

ಇಲ್ಲ. 2024-25ಕ್ಕೆ ಪಾಲಿಕೆ ಮೊದಲ ಹವಾಮಾನ ಬಜೆಟ್ ವರದಿ ತಂದಿತು. ಬಜೆಟಿನಲ್ಲಿ ಇರುವ ಕೆಲಸಗಳಲ್ಲೇ ಯಾವುದು ಹವಾಮಾನಕ್ಕೆ ಸಂಬಂಧಪಟ್ಟದ್ದು ಎಂದು ಗುರುತು ಹಾಕಿದ ಲೆಕ್ಕ ಅದು. ಕೆಲಸಕ್ಕೆ ಬರುವಂಥದ್ದೇ, ಯಾಕೆಂದರೆ ಗುರುತು ಹಾಕಿದ ಬಾಬತ್ತನ್ನು ಹಿಡಿದು "ಇದರಲ್ಲಿ ಖರ್ಚಾದದ್ದೆಷ್ಟು?" ಎಂದು ಕೇಳಬಹುದು. ಕಾದಿರಿಸಿದ ಮೊತ್ತವನ್ನು ಎಲ್ಲರೂ ಹೇಳುತ್ತಾರೆ, ಖರ್ಚಾದ ಮೊತ್ತವನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ನಾವು ಡೊಂಬಿವಲಿಯವರು. ಮುಂಬಯಿ ಯೋಜನೆ ನಮಗೆ ಅನ್ವಯಿಸುತ್ತಾ?

ಅನ್ವಯಿಸುವುದಿಲ್ಲ. ನಿಮ್ಮದು ಕಲ್ಯಾಣ್-ಡೊಂಬಿವಲಿ ಪಾಲಿಕೆ. ನೀರು ಉಲ್ಹಾಸ್ ನದಿಯಿಂದ, ಕರೆಂಟು ಮಹಾವಿತರಣದಿಂದ. ನಿಮ್ಮ ಊರಿನ ದೊಡ್ಡ ಪ್ರಶ್ನೆ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳು. 2024ರ ಮೇ 23ರ ಸ್ಫೋಟದಲ್ಲಿ ಜೀವ ಹೋದವು, ಸುತ್ತಲ ಮನೆಗಳ ಗಾಜು ಪುಡಿಯಾಯಿತು. ಕಾರ್ಖಾನೆ ಸುರಕ್ಷತೆ ರಾಜ್ಯದ ವಿಷಯವಾದ್ದರಿಂದ ಅಲ್ಲಿ ನೇರವಾಗಿ ಆಮದಾರರಿಗೇ ಕೊಡಿ: ವಸತಿಯಿಂದ ದೂರಕ್ಕೆ ಸಾಗಿಸಬೇಕಾದ ಘಟಕಗಳ ಪಟ್ಟಿ ಎಲ್ಲಿ, ಎಷ್ಟು ಸಾಗಿವೆ?

ಪ್ಯಾರಿಸ್ ಒಪ್ಪಂದ, 2070 ಇದೆಲ್ಲ ದೊಡ್ಡ ಮಾತು. ಅದನ್ನು ಯಾರಿಗೆ ಕೇಳೋದು?

ಪ್ಯಾರಿಸ್‌ನದು ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ, ಅದು ಖಾಸದಾರರ ಕ್ಷೇತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆ ರಹಿತ ಪ್ರಶ್ನೆಗಳಿಗೆ ಜಾಗವಿದೆ. ನಮಗೆ ನೇರ ತಟ್ಟುವ ಕೇಂದ್ರದ ವಿಷಯ ಮೂರು: ಲೋಕಲ್ ರೈಲು, 2019ರ ಕರಾವಳಿ ನಿಯಂತ್ರಣ ಅಧಿಸೂಚನೆ, ಉಪ್ಪಿನಗದ್ದೆಗಳ ಜಮೀನು. ಉಪ್ಪಿನಗದ್ದೆ ಮಳೆನೀರನ್ನು ಹೀರಿಕೊಳ್ಳುವ ಜಾಗ. ಅದರ ಮೇಲೆ ಮನೆ ಕಟ್ಟುವ ನಿರ್ಧಾರ ಮುಲುಂಡ್, ಭಾಂಡೂಪ್, ಕಾಂಜೂರ್‌ಮಾರ್ಗದವರಿಗೆ ಪ್ಯಾರಿಸ್‌ಗಿಂತ ಹತ್ತಿರದ್ದು.

## ನೀರು, ಬಸ್ಸು, ಕಸ, ಕರೆಂಟು

ಏಳೂ ಕೆರೆ ತುಂಬಿತು ಅಂತ ಪೇಪರಲ್ಲಿ ಬರುತ್ತೆ. ನಮ್ಮ ನಲ್ಲಿಯಲ್ಲಿ ಮಾತ್ರ ನೀರು ಅರ್ಧ ತಾಸು. ಯಾಕೆ?

ಮೇಲಿನ ವೈತರಣಾ, ಮೋಡಕ್ ಸಾಗರ್, ತಾನಸಾ, ಮಧ್ಯ ವೈತರಣಾ, ಭಾತ್ಸಾ, ವಿಹಾರ್, ತುಳಸಿ, ಈ ಏಳರ ಒಟ್ಟು ಬಳಕೆಯ ಸಂಗ್ರಹ ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ಅವು ತುಂಬಿದರೆ ವರ್ಷಕ್ಕೆ ಸಾಲುತ್ತದೆ ಎಂದರ್ಥ. ದಿನಕ್ಕೆ ಎಷ್ಟು ಕಳಿಸಬಹುದು ಎಂಬುದನ್ನು ಕೆರೆ ತೀರ್ಮಾನಿಸುವುದಿಲ್ಲ, ಕೊಳವೆ ಮತ್ತು ಭಾಂಡೂಪಿನ ಶುದ್ಧೀಕರಣ ಕೇಂದ್ರ ತೀರ್ಮಾನಿಸುತ್ತವೆ. ದಿನಕ್ಕೆ 3,900 ದಶಲಕ್ಷ ಲೀಟರಿನ ಆಸುಪಾಸಿನಲ್ಲೇ ಅದು ನಿಂತಿದೆ, ಬೇಡಿಕೆ ಮೇಲಕ್ಕೆ ಹೋಗಿದೆ. ದಾರಿಯಲ್ಲಿ ಸೋರಿ ಹೋಗುವುದು, ಕದ್ದು ಹೋಗುವುದು ಬೇರೆ. ಗುಡ್ಡದ ಮೇಲಿನ ವಸತಿಗೆ, ಕೊಳವೆಯ ತುದಿಗೆ ಒತ್ತಡವೇ ಇರುವುದಿಲ್ಲ.

ಇಲ್ಲಿ ಹವಾಮಾನ ಸೇರುವುದು ಬೇಸಿಗೆಯ ಕೊನೆಗೆ. ಮಳೆ ತಡವಾದರೆ ಪಾಣಿ ಕಪಾತ್ (ನೀರಿನ ಕಡಿತ) ಬರುತ್ತದೆ. 2024ರಲ್ಲಿ ಮೇ 30ರಿಂದ ಶೇಕಡ 5, ಜೂನ್ 5ರಿಂದ ಶೇಕಡ 10 ಕಡಿತವಾಯಿತು. ಶೇಕಡ 10 ಎಂದರೆ ಎಲ್ಲರಿಗೂ ಒಂದೇ ಅಲ್ಲ. ದೊಡ್ಡ ಟಾಂಕಿ ಇರುವ ಟವರಿಗೆ ತಿಳಿಯುವುದೇ ಇಲ್ಲ, ಸಾರ್ವಜನಿಕ ನಲ್ಲಿಯ ಸಾಲಿನ ಕೊನೆಯ ಹೆಂಗಸಿಗೆ ಆ ದಿನ ನೀರೇ ಇಲ್ಲ. ನನಗೆ ಬಹಳ ಸಂಕಟವಾಗುವ ವಿಷಯ ಇದು.

2022ರ ಮೇ ತಿಂಗಳಲ್ಲಿ ಪಾಲಿಕೆ "ಎಲ್ಲರಿಗೂ ನೀರು" ಧೋರಣೆ ತಂದಿತು. ಮನೆಗೆ ಅಧಿಕೃತ ಕಾಗದ ಇಲ್ಲದವರಿಗೂ ನೀರಿನ ಜೋಡಣೆ ಕೊಡುವ ನಿಯಮ. ಹಾಗಾಗಿ ಕೇಳಬೇಕಾದದ್ದು: ಈ ಧೋರಣೆಯಡಿ ನಮ್ಮ ವಾರ್ಡಿನಲ್ಲಿ ಬಂದ ಅರ್ಜಿ ಎಷ್ಟು, ಕೊಟ್ಟ ಜೋಡಣೆ ಎಷ್ಟು, ತಿರಸ್ಕರಿಸಿದ್ದು ಯಾವ ಕಾರಣಕ್ಕೆ? ದೊಡ್ಡ ಯೋಜನೆಗಳ ಬಗ್ಗೆಯೂ ಕೇಳಿ. ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ದಿನಕ್ಕೆ 200 ದಶಲಕ್ಷ ಲೀಟರಿನದು, ಗಾರ್ಗಾಯಿ ಅಣೆಕಟ್ಟಿಗೆ ಕಾಡು ಮುಳುಗುತ್ತದೆ. ಸೋರಿಕೆ ತಡೆದರೆ ಇವುಗಳಲ್ಲಿ ಎಷ್ಟು ಬೇಕಾಗುತ್ತಿತ್ತು ಎಂದು ಸದನದಲ್ಲಿ ಯಾರಾದರೂ ಒತ್ತಿ ಕೇಳಲೇಬೇಕು.

ಬೆಸ್ಟ್ ಬಸ್ಸು ಕಡಿಮೆ ಆಯ್ತು, ಟಿಕೆಟ್ ಜಾಸ್ತಿ ಆಯ್ತು. ಇದೂ ಹವಾಮಾನದ ಪ್ರಶ್ನೆಯಾ?

ಹೌದು, ಮೊದಲ ಸಾಲಿನದು. ಬಸ್ ಸ್ಟಾಪಿನಲ್ಲಿ ಮುಕ್ಕಾಲು ತಾಸು ಕಾದವನು ನಾಳೆ ಸ್ಕೂಟರ್ ಕೊಳ್ಳುತ್ತಾನೆ. 2019ರಲ್ಲಿ ಕನಿಷ್ಠ ದರ 5 ರೂಪಾಯಿಗೆ ಇಳಿದಾಗ ಬಸ್ಸುಗಳು ತುಂಬಿ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. 2025ರ ಮೇ 9ರಿಂದ ಕನಿಷ್ಠ ದರ 10 ರೂಪಾಯಿ, ಎಸಿಗೆ 12. ಕಾರ್ಮಿಕ ಸಂಘದ ಜೊತೆಗಿನ 2019ರ ಒಪ್ಪಂದದಲ್ಲಿ ಬೆಸ್ಟ್‌ನ ಸ್ವಂತ ಬಸ್ಸುಗಳನ್ನು 3,337ಕ್ಕಿಂತ ಕಡಿಮೆ ಮಾಡುವುದಿಲ್ಲ ಎಂಬ ಮಾತಿತ್ತು. ಹಳೆಯವು ಗುಜರಿಗೆ ಹೋದವು, ಅವುಗಳ ಜಾಗಕ್ಕೆ ಸ್ವಂತದವು ಬರಲಿಲ್ಲ, ಗುತ್ತಿಗೆಯವು ಬಂದವು. ಗುತ್ತಿಗೆದಾರ ನಷ್ಟವೆಂದು ಎದ್ದು ಹೋದರೆ ಆ ಮಾರ್ಗದ ಬಸ್ಸುಗಳೂ ಹೋದವು.

ಬೆಸ್ಟ್ ಪಾಲಿಕೆಯದೇ ಸಂಸ್ಥೆ, ಆದರೂ ಅದರ ನಷ್ಟಕ್ಕೆ ಹೊಣೆ ಯಾರೆಂದು ಪಾಲಿಕೆ ಮತ್ತು ರಾಜ್ಯ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ. ಶೇಕಡ 20ರ ಸಂಚಾರ ಹೊರಸೂಸುವಿಕೆಯನ್ನು ಇಳಿಸುತ್ತೇವೆ ಎಂದ ನಗರ ಬಸ್ಸಿನ ಖರ್ಚನ್ನು ನಷ್ಟ ಎಂದು ಬರೆಯಬಾರದು, ಅದು ಸೇವೆ. ನಿಮ್ಮ ಮಾರ್ಗದ ನಂಬರ್ ಹಾಕಿ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಿಗದಿಯಾದ ಫೇರಿ (ಟ್ರಿಪ್) ಎಷ್ಟು, ನಿಜವಾಗಿ ಓಡಿದ್ದೆಷ್ಟು ಎಂದು ಕೇಳಿ.

ತಂದೂರಿಗೆ ಇದ್ದಿಲು ಹಾಕಬೇಡಿ ಅಂತ ನೋಟಿಸ್ ಬಂದಿದೆ. ಹೋಟೆಲಿನವರು ಏನು ಮಾಡೋದು?

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಅದರ ಬೆನ್ನಿಗೆ ಪಾಲಿಕೆ ಹೋಟೆಲುಗಳ ಇದ್ದಿಲಿನ ತಂದೂರಿಗೂ ನೋಟಿಸ್ ಕೊಟ್ಟು ಜುಲೈ 8ರ ಗಡುವು ಹಾಕಿತು. ನಮ್ಮ ಶೆಟ್ರು, ಪೂಜಾರಿಯವರು, ಕಾಮತರು ನಡೆಸುವ ಸಾವಿರಾರು ಅಡುಗೆಮನೆಗಳಿಗೆ ತಟ್ಟಿದ ವಿಷಯ ಇದು.

ಆದೇಶದ ಉದ್ದೇಶ ಸರಿಯಿದೆ. ಆ ಹೊಗೆಯನ್ನು ಮೊದಲು ನುಂಗುವವರು ಭಟ್ಟಿಯ ಮುಂದೆ ಹತ್ತು ತಾಸು ನಿಲ್ಲುವ ನಮ್ಮ ಊರಿನ ಹುಡುಗರೇ. ಆದರೆ ಸಣ್ಣ ಹೋಟೆಲಿಗೆ ಕೊಳವೆ ಗ್ಯಾಸ್ ಸಿಗಬೇಕಾದರೆ ಆ ಗಲ್ಲಿಗೆ ಲೈನ್ ಬಂದಿರಬೇಕು, ಹಳೇ ಕಟ್ಟಡದಲ್ಲಿ ಅಗ್ನಿಶಾಮಕದವರ ಒಪ್ಪಿಗೆ ಬೇಕು. ಆದ್ದರಿಂದ ಆಮದಾರರ ಬಳಿ ವಿನಾಯಿತಿ ಕೇಳಬೇಡಿ, ಗ್ಯಾಸ್ ಕೇಳಿ. ನಮ್ಮ ವಾರ್ಡಿನಲ್ಲಿ ಅರ್ಜಿ ಹಾಕಿದ ಹೋಟೆಲ್ ಮತ್ತು ಬೇಕರಿ ಎಷ್ಟು, ಜೋಡಣೆ ಸಿಕ್ಕಿದ್ದೆಷ್ಟು, ಸಣ್ಣವರಿಗೆ ಸಾಲ ಅಥವಾ ಸಹಾಯಧನದ ಯೋಜನೆ ಇದೆಯೇ? ಹೋಟೆಲ್ ಸಂಘದ ಮೂಲಕ ಪಟ್ಟಿ ಮಾಡಿ ಕೊಟ್ಟರೆ ಆಮದಾರರಿಗೂ ಮಾತಾಡಲು ಆಧಾರ ಸಿಗುತ್ತದೆ.

ಸೊಸೈಟಿಯ ಟೆರೇಸ್ ಮೇಲೆ ಸೋಲಾರ್ ಹಾಕಿದರೆ ಸಬ್ಸಿಡಿ ಎಷ್ಟು?

2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ, ಅಂದರೆ ಲಿಫ್ಟ್, ಪಂಪು, ಮೆಟ್ಟಿಲ ದೀಪಕ್ಕೆ, ಕಿಲೋವ್ಯಾಟಿಗೆ 18,000 ರೂಪಾಯಿ, 500 ಕಿಲೋವ್ಯಾಟಿನವರೆಗೆ. ಒಂಟಿ ಮನೆಗೆ 3 ಕಿಲೋವ್ಯಾಟಿಗೆ 78,000. ಬೆಸ್ಟ್, ಟಾಟಾ, ಅದಾನಿ, ಮಹಾವಿತರಣ ಯಾವ ಕರೆಂಟು ಕಂಪನಿಯ ಮೀಟರ್ ಇದೆಯೋ ಅವರ ಮೂಲಕ ಅರ್ಜಿ.

ದೇವನಾರ್ ಕಸದ ಗುಡ್ಡಕ್ಕೆ ಕೊನೆ ಇದೆಯಾ?

1927ರಿಂದ ಅಲ್ಲಿ ಕಸ ಬೀಳುತ್ತಿದೆ. 2016ರ ಜನವರಿಯ ಬೆಂಕಿಯ ಹೊಗೆ ದಿನಗಟ್ಟಲೆ ಊರಿನ ಮೇಲಿತ್ತು. ಮುಲುಂಡ್ ಗುಡ್ಡ 2018ರಲ್ಲಿ ಮುಚ್ಚಿತು, ಅಲ್ಲಿಯ ಹಳೆ ಕಸ ಬೇರ್ಪಡಿಸುವ ಕೆಲಸ ಹಿಡಿದರು. ದೇವನಾರಿನಲ್ಲಿ ತೆಗೆಯಬೇಕಾದದ್ದು 185 ಲಕ್ಷ ಟನ್. ಆ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಕ್ಕದ ಗೋವಂಡಿಯವರ ಜೊತೆ ನಾವೂ ಕೇಳಬೇಕು, ನಮ್ಮ ಮನೆಯದೂ ಅದರಲ್ಲಿದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಸೊಸೈಟಿ ಮತ್ತು ಹೋಟೆಲುಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕೆಂದು 2016ರ ನಿಯಮದಲ್ಲೇ ಇತ್ತು.

ಮರ ಕಡಿಯೋಕೆ ನೋಟಿಸ್ ಅಂಟಿಸಿದ್ದಾರೆ. ಆಮದಾರರಿಗೆ ಹೇಳಿದರೆ ನಿಲ್ಲುತ್ತಾ?

ಮೊದಲು ನೋಟಿಸಿನಲ್ಲಿರುವ ಗಡುವಿನೊಳಗೆ ವೃಕ್ಷ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪ ಕೊಡಿ. 1975ರ ಮರ ಸಂರಕ್ಷಣೆ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ 50 ವರ್ಷ ದಾಟಿದ ಮರ ಪಾರಂಪರಿಕ ಮರವಾಯಿತು, ವಯಸ್ಸಿನ ಮಾತು ಎತ್ತಿ. ಆರೆ ಕಾಡಿನಲ್ಲಿ ಮೆಟ್ರೋ ಶೆಡ್ಡಿಗಾಗಿ 2019ರ ಅಕ್ಟೋಬರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದು ರಾತ್ರೋರಾತ್ರಿ. ಸದನ ಸೇರುವವರೆಗೆ ಮರ ಕಾಯುವುದಿಲ್ಲ. ಕಾಂದಳದ (ಖಾಡಿಯಂಚಿನ ಮ್ಯಾಂಗ್ರೋವ್ ಕಾಡಿನ) ವಿಷಯವಾದರೆ 2018ರ ಬಾಂಬೆ ಹೈಕೋರ್ಟ್ ತೀರ್ಪು ನಿಮ್ಮ ಬೆನ್ನಿಗಿದೆ: ಅದರ ನಾಶ ಬದುಕುವ ಹಕ್ಕಿಗೇ ಧಕ್ಕೆ, ಸುತ್ತ 50 ಮೀಟರ್ ಮುಟ್ಟಬಾರದು.

## ಪ್ರಶ್ನೆ ಕಟ್ಟುವುದು, ಬೆನ್ನು ಹತ್ತುವುದು

ನಾವು ಬರೆದುಕೊಟ್ಟ ಪ್ರಶ್ನೆ ಸ್ವೀಕಾರವೇ ಆಗಲಿಲ್ಲ. ಯಾಕಿರಬಹುದು?

ಹೆಚ್ಚಾಗಿ ಎರಡು ಕಾರಣ. ಒಂದೇ ಪ್ರಶ್ನೆಯಲ್ಲಿ ನೀರು, ರಸ್ತೆ, ಆಸ್ಪತ್ರೆ ಎಲ್ಲ ತುರುಕಿರುತ್ತೇವೆ. ಅಥವಾ ಪ್ರಶ್ನೆಯ ವೇಷದಲ್ಲಿ ಆರೋಪ, ವಾದ, ಅಭಿಪ್ರಾಯ ಬರೆದಿರುತ್ತೇವೆ. ಕೋರ್ಟಿನಲ್ಲಿರುವ ವಿಷಯ, ರಾಜ್ಯಕ್ಕೆ ಸೇರದ ವಿಷಯವೂ ಬಿದ್ದುಹೋಗುತ್ತವೆ. "ಸರ್ಕಾರ ಹವಾಮಾನ ಬದಲಾವಣೆಯ ಬಗ್ಗೆ ಗಂಭೀರವಾಗಿದೆಯೇ?" ಎಂಬುದಕ್ಕೆ "ಹೌದು" ಎಂದರೆ ಮುಗಿಯಿತು.

ಹಾಗಾದರೆ ಒಂದು ಮಾದರಿ ಬರೆದು ತೋರಿಸಿ.

ಮಹಾರಾಷ್ಟ್ರದ ಸದನದಲ್ಲಿ ಪ್ರಶ್ನೆಗೆ ಹಳೆಯ ಚೌಕಟ್ಟೊಂದಿದೆ. ಮೊದಲ ಭಾಗ "ಹೇ ಖರೇ ಆಹೇ ಕಾಯ್" (ಇದು ನಿಜವೇ) ಎಂದು ಮುಗಿಯುತ್ತದೆ, ಕೊನೆಯದು "ನಸಲ್ಯಾಸ್, ವಿಲಂಬಾಚೀ ಕಾರಣೇ ಕಾಯ್ ಆಹೇತ್" (ಇಲ್ಲದಿದ್ದಲ್ಲಿ, ವಿಳಂಬಕ್ಕೆ ಕಾರಣಗಳೇನು) ಎಂದು. ಆ ಚೌಕಟ್ಟಿನಲ್ಲಿ ಹೂಳಿನ ಪ್ರಶ್ನೆ ಹೀಗೆ ಬರುತ್ತದೆ:

ಒಂದು, ಇಂಥ ವಾರ್ಡಿನ ಇಂಥ ನಾಲಾದ ಹೂಳನ್ನು ಮೇ 31ರೊಳಗೆ ತೆಗೆಯಬೇಕಿದ್ದು, ಇಂಥ ತಾರೀಕಿನಂದು ಅದು ಹಾಗೇ ಇದ್ದುದು ನಿಜವೇ? ಎರಡು, ನಿಜವಿದ್ದಲ್ಲಿ, ಈ ನಾಲಾದಿಂದ ತೆಗೆದ ಹೂಳು ಎಷ್ಟು ಟನ್, ಯಾವ ಕಾಟಾದಲ್ಲಿ ತೂಗಲಾಯಿತು, ಯಾವ ಜಾಗದಲ್ಲಿ ಸುರಿಯಲಾಯಿತು? ಮೂರು, 2025ರಲ್ಲಿ ಮುಂಗಾರು ಮೇ 26ಕ್ಕೆ ಬಂದುದನ್ನು ಗಮನಿಸಿ ಈ ಗಡುವನ್ನು ಇನ್ನೂ ಬೇಗದ ತಾರೀಕಿಗೆ ತರಲು ಪಾಲಿಕೆ ಕ್ರಮ ಕೈಗೊಂಡಿದೆಯೇ? ನಾಲ್ಕು, ಇಲ್ಲದಿದ್ದಲ್ಲಿ, ವಿಳಂಬಕ್ಕೆ ಕಾರಣಗಳೇನು?

ಇದರಲ್ಲಿ ಹವಾಮಾನ ಎಂಬ ಪದವೇ ಇಲ್ಲ. ಮೂರನೆಯ ಭಾಗದ ಉತ್ತರ ಬಂದರೆ ಹವಾಮಾನ ನೀತಿಯ ಒಂದು ಸಾಲು ನಮ್ಮ ವಾರ್ಡಿನಲ್ಲಿ ಜಾರಿಯಾದಂತೆ. ಜೊತೆಗೆ ತಾರೀಕು ಕಾಣುವ ಫೋಟೋ, 1916ರ ದೂರಿನ ನಂಬರ್ ಲಗತ್ತಿಸಿ. ಆಧಾರ ಕೈಯಲ್ಲಿದ್ದರೆ ಆಮದಾರರು ಉಪಪ್ರಶ್ನೆಗೆ ಎದ್ದು ನಿಲ್ಲುತ್ತಾರೆ.

"ಹೇ ಅಂಶತಃ ಖರೇ ಆಹೇ" ಅಂತ ಉತ್ತರ ಬಂತು. ಮುಂದೇನು?

ಸ್ವಲ್ಪ ನಿಜ ಎಂದರೆ ಎಷ್ಟು ನಿಜ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ತೆಗೆಯಿರಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ, 30 ದಿನದ ಗಡುವು. ಸದನಕ್ಕೆ ಕೊಟ್ಟ ಉತ್ತರ ತಯಾರಾದ ಕಡತದ ಟಿಪ್ಪಣಿಯನ್ನೇ ಕೇಳಿ, ಅದರಲ್ಲಿ ವಾರ್ಡ್ ಎಂಜಿನಿಯರ್ ಬರೆದದ್ದು ಸಿಗುತ್ತದೆ.

ಮಂತ್ರಿ "ಮಾಡುತ್ತೇವೆ" ಎಂದಿದ್ದರೆ ಅದು ಆಶ್ವಾಸನೆ. ಸದನದ ಆಶ್ವಾಸನ ಸಮಿತಿ ಅಂಥ ಮಾತುಗಳನ್ನು ಪಟ್ಟಿ ಮಾಡಿ ಬೆನ್ನು ಹತ್ತುತ್ತದೆ, ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಆಮದಾರರಿಂದ ವಿಚಾರಿಸಿ. ಉತ್ತರ ತೃಪ್ತಿ ಕೊಡದಿದ್ದರೆ ಅವರು ಅರ್ಧ ತಾಸಿನ ಚರ್ಚೆ ಕೇಳಬಹುದು. ನಾಗರಿಕರು ನೇರವಾಗಿ ಸದನಕ್ಕೆ ವಿನಂತಿ ಅರ್ಜಿ ಸಲ್ಲಿಸುವ ದಾರಿಯೂ ಇದೆ. ಒಬ್ಬ ಸದಸ್ಯರು ಅದನ್ನು ಮಂಡಿಸಬೇಕು, ವಿನಂತಿ ಅರ್ಜಿ ಸಮಿತಿ ವಿಚಾರಿಸುತ್ತದೆ.

ಇಷ್ಟೆಲ್ಲ ಕೇಳಿ ಏನಾದರೂ ಆದದ್ದುಂಟಾ?

ಮಿಠಿ ನದಿಯನ್ನೇ ನೋಡಿ. ವಿಹಾರ್, ಪವಾಯಿ ಕೆರೆಗಳ ಕೋಡಿಯಿಂದ ಹೊರಟು ಮಾಹಿಮ್ ಖಾಡಿ ಸೇರುವ ಸುಮಾರು 18 ಕಿಲೋಮೀಟರಿನ ನದಿ ಅದು. 2005ರ ನಂತರ ಅದರ ಹೂಳಿಗೆ ಕೋಟಿಗಟ್ಟಲೆ ಸುರಿದರು. ಆ ಖರ್ಚಿನ ವಿಷಯ ವಿಧಾನ ಪರಿಷತ್ತಿನಲ್ಲಿ ಎದ್ದ ಮೇಲೆ ವಿಶೇಷ ತನಿಖಾ ತಂಡ ರಚನೆಯಾಯಿತು. 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ಶಾಖೆ ಸುಮಾರು 65 ಕೋಟಿ ರೂಪಾಯಿಯ ಅವ್ಯವಹಾರದ ಆರೋಪದ ಮೇಲೆ ಪ್ರಕರಣ ದಾಖಲಿಸಿತು. ಆರೋಪ ಸಾಬೀತಾಗಬೇಕಾದದ್ದು ಕೋರ್ಟಿನಲ್ಲಿ. ಆದರೆ ತೂಕದ ಚೀಟಿ, ಸುರಿದ ಜಾಗ, ಒಪ್ಪಂದದ ಕಾಗದ ಇವೆಲ್ಲ ತನಿಖೆಯ ಮೇಜಿಗೆ ಬಂದದ್ದು ಸದನದಲ್ಲಿ ಯಾರೋ ಎದ್ದು ಕೇಳಿದ್ದರಿಂದ. ಮಾದರಿ ಪ್ರಶ್ನೆಯಲ್ಲಿ ಕಾಟಾದ ಮಾತನ್ನು ನಾನು ಸೇರಿಸಿದ್ದೂ ಇದೇ ಕಾರಣಕ್ಕೆ.

ಪತ್ರ ಯಾವಾಗ ಕೊಡಬೇಕು?

ವರ್ಷಕ್ಕೆ ಮೂರು ಅಧಿವೇಶನ. ಬಜೆಟ್ ಮತ್ತು ಮಳೆಗಾಲದ್ದು ಮುಂಬಯಿಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ಪ್ರಶ್ನೆಗಳ ಸೂಚನೆ ಸದನ ಸೇರುವುದಕ್ಕೆ ವಾರಗಳ ಮೊದಲೇ ಹೋಗಬೇಕಾದ್ದರಿಂದ ನಿಮ್ಮ ಪತ್ರ ಅದಕ್ಕೂ ತಿಂಗಳು ಮೊದಲು ಅವರ ಮೇಜಿನ ಮೇಲಿರಲಿ. ಬಸ್ಸು ಮತ್ತು ಸೋಲಾರಿನಂಥ ಖರ್ಚಿನ ವಿಷಯ ಜನವರಿಯಲ್ಲಿ ಕೊಡಿ, ಬಜೆಟಿಗೆ ಸಿಗುತ್ತದೆ. ನೀರಿನ ಕಡಿತ, ಹೂಳು ಏಪ್ರಿಲ್ ಕೊನೆಯಲ್ಲಿ. ಗಾಳಿಯ ಧೂಳು, ತಂದೂರು, ಕಟ್ಟಡ ಕಾಮಗಾರಿಯ ವಿಷಯವನ್ನು ದೀಪಾವಳಿಗೆ ಮೊದಲೇ ತಲುಪಿಸಿ, ಮುಂಬಯಿಯ ಗಾಳಿ ಕೆಡುವ ತಿಂಗಳಲ್ಲೇ ನಾಗಪುರದ ಸದನ ನಡೆಯುತ್ತದೆ.